ಒಂದು ಎಲ್.ಆರ್., ಒಂದು ಸಾಲು ಲಿಂಬೆ

ನಾನು ನನ್ನ ಅಣ್ಣನ ಮೇಲೆ ಕೇಸು ಹಾಕಿದ್ದೇನೆ ಎಂಬ ಸುದ್ದಿ ನನಗೆ ಗೊತ್ತಾದದ್ದು ಅಣ್ಣನಿಂದಲೇ.

ಒಂದು ಭಾನುವಾರ ಬೆಳಿಗ್ಗೆ ಇಂಡಿಯಿಂದ ಫೋನು. "ಗಿರಿಜಾ, ನೀ ನನ್ನ ಮ್ಯಾಲ ಕೇಸ್ ಹಾಕೀಯಂತ. ಹಿರ್ಯಾರು ಬಂದು ಕುಂತಾರ. ಲಗೂನ ಬಸ್ ಹತ್ತು" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಬೀಗರು ಬಂದು ಕೂತ ಮೇಲೆ ಮನೆಯಲ್ಲಿ ಸಕ್ಕರೆ ಇಲ್ಲ ಅಂತ ಗೊತ್ತಾದವರ ಗಾಬರಿ ಇತ್ತು.

ಕೇಸು ಹಾಕಿದ್ದೆನೇ? ಇಲ್ಲ. ಹಾಗಾದರೆ ಸುದ್ದಿ ಸುಳ್ಳೇ? ಅದನ್ನೂ ಖಚಿತವಾಗಿ ಹೇಳಲಾರೆ. (ವಕೀಲರ ಸಹವಾಸವಾದ ಮೇಲೆ ನನಗೂ ಹೀಗೆ ಮಾತಾಡುವುದು ಬಂದಿದೆ.) ಮೊದಲಿನಿಂದ ಹೇಳುತ್ತೇನೆ, ಕೇಳಿ.

ನನ್ನ ತವರು ಇಂಡಿ. ಮದುವೆಯಾಗಿ ಬಂದದ್ದು ಮುದ್ದೇಬಿಹಾಳಕ್ಕೆ. ಇಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುತ್ತೇನೆ. ಅಣ್ಣ ಗುರುಪಾದಪ್ಪ ಇಂಡಿಯಲ್ಲಿ ಮೋಟರ್ ಸೈಕಲ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದಾನೆ. ಅವನ ಮಗಳು ಶೈಲಾ, ಬಿ.ಕಾಂ. ಮುಗಿಸಿದವಳು. ಹೋದ ವರ್ಷ ಅವಳಿಗೊಂದು ಸಂಬಂಧ ಬಂತು. ಹುಡುಗ ಮಹಾಂತೇಶ, ಇಂಗಳೇಶ್ವರದವನು, ಸಿಂದಗಿ ಕೋರ್ಟಿನಲ್ಲಿ ವಕೀಲ. ಅವನ ಫೋಟೋ ಬಂದ ದಿನವೇ ಶೈಲಾ ಅದನ್ನು ಪುಸ್ತಕದೊಳಗೆ ಸೇರಿಸಿಟ್ಟು, "ಫೋಟೋ ಎಲ್ಲೋ ಕಳದೈತಿ ಅಪ್ಪಾ" ಎಂದಳಂತೆ. ಹುಡುಗಿಯ ಮನಸ್ಸು ಎಲ್ಲಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆದರೆ ನಮ್ಮ ಕಡೆ ಹುಡುಗನನ್ನು ಒಪ್ಪುವ ಮೊದಲು 'ವಿಚಾರಿಸುವುದು' ಅಂತ ಒಂದಿದೆ. ಗೊತ್ತಲ್ಲ? ಹುಡುಗನಿರುವ ಊರಿಗೆ ಸದ್ದಿಲ್ಲದೆ ಹೋಗಬೇಕು. ಚಹಾದಂಗಡಿ, ಪಾನ್ ಅಂಗಡಿ, ಕಟಿಂಗ್ ಶಾಪು, ಸಿಕ್ಕವರನ್ನೆಲ್ಲ ಕೇಳಬೇಕು, ಹುಡುಗನೊಬ್ಬನನ್ನು ಬಿಟ್ಟು. ಕೇಳಿದ್ದು ಹುಡುಗನ ಮನೆಯವರಿಗೆ ಗೊತ್ತಾಗಬಾರದು. ಗೊತ್ತಾದರೆ ಅವರಿಗೆ ಅವಮಾನ, ಸಂಬಂಧ ಅಲ್ಲಿಗೇ ಮುರಿಯಿತು. (ಅವರೂ ನಮ್ಮೂರಿಗೆ ಬಂದು ಹೀಗೇ ವಿಚಾರಿಸಿರುತ್ತಾರೆ. ಅದು ನಮಗೆ ಗೊತ್ತಿರುತ್ತದೆ. ಗೊತ್ತಿಲ್ಲದವರ ಹಾಗೆ ಇರುತ್ತೇವೆ.)

ಅಣ್ಣ ಸಿಂದಗಿಗೆ ಹೋಗಿ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಕೂತು, ಯಾರಿಗೋ ಕೇಳಿದ ಹಾಗೆ ಕೇಳಿದ. ಚಹಾದವನು ಕಪ್ಪು ತೊಳೆಯುತ್ತ ಒಂದೇ ಮಾತು ಹೇಳಿದನಂತೆ: "ಮಹಾಂತೇಶ ವಕೀಲ್ರಾ? ಅವರ ಕಡೆ ಸಿ.ಸಿ. ಭಾಳ ಅದಾವ್ರಿ."

ಅಣ್ಣ ಖುಷಿಯಿಂದ ಊರಿಗೆ ಬಂದ. ಅವನ ಅಂಗಡಿಯಲ್ಲಿ ಸಿ.ಸಿ. ಅಂದರೆ ಎಂಜಿನ್ನಿನ ತಾಕತ್ತು. ಹುಡುಗ ಭಾರಿ ಗಾಡಿ ಇಟ್ಟಿದ್ದಾನೆ, ಛಲೋ ಕುಳ ಅಂತ ತಿಳಿದ. ಅವತ್ತು ನಾನೂ ನಮ್ಮ ಯಜಮಾನರೂ ಇಂಡಿಯಲ್ಲೇ, ಅಣ್ಣನ ಅಂಗಡಿಯಲ್ಲಿ ಕೂತಿದ್ದೆವು. ಯಜಮಾನರದು ಬ್ಯಾಂಕಿನ ನೌಕರಿ. ಅವರು ಪೇಪರಿನಿಂದ ತಲೆಯೆತ್ತದೆ, "ಸಿ.ಸಿ. ಅಂದ್ರ ಕ್ಯಾಶ್ ಕ್ರೆಡಿಟ್. ಭಾಳ ಅದಾವ ಅಂದ್ರ ಹುಡುಗ ಸಾಲದಾಗ ಮುಳುಗ್ಯಾನ" ಎಂದರು. ಅಣ್ಣನ ಮುಖ ಸಣ್ಣದಾಯಿತು. ಅಂಗಡಿಗೆ ಪ್ಲಗ್ ಒಯ್ಯಲು ಬಂದಿದ್ದ ಗಿರಾಕಿಯೊಬ್ಬ ಉಳಿದ ಕೆಲಸ ಮುಗಿಸಿದ: "ಪೊಲೀಸ್ರು ಹಾಕಿದ ಕೇಸಿಗೆ ಕೋರ್ಟಿನ್ಯಾಗ ಸಿ.ಸಿ. ನಂಬರ್ ಕೊಡ್ತಾರ್ರಿ. ನಮ್ಮ ಮಾವನ ಮ್ಯಾಲೂ ಒಂದೈತಿ."

ದೊಡ್ಡ ಗಾಡಿಯವನೋ, ಸಾಲಗಾರನೋ, ಗುನ್ಹೆಗಾರನೋ? ಎರಡೇ ಅಕ್ಷರದಲ್ಲಿ ಮೂವರು ಅಳಿಯಂದಿರು!

"ಈ ಸಂಬಂಧ ಬ್ಯಾಡ ಬಿಡು" ಅಂದ ಅಣ್ಣ. ಶೈಲಾ ಊಟ ಬಿಟ್ಟಳು ಅಂತ ಬರೆದರೆ ಸಿನಿಮಾ ಆದೀತು. ಊಟವನ್ನು ಅವಳು ಸರಿಯಾಗೇ ಮಾಡಿದಳು. ಆದರೆ ನಾವು ಮುದ್ದೇಬಿಹಾಳಕ್ಕೆ ವಾಪಸಾದ ಮೇಲೆ ಫೋನು ಮಾಡಿ, "ಅತ್ತಿ, ಯಾರೋ ಚಹಾದಾಂವ ಅಂದ ಎರಡಕ್ಷರಕ್ಕ ನನ್ನ ಮದುವಿ ನಿಂದರಬೇಕೇನ್ರಿ?" ಎಂದಳು. ನಾನು ಎತ್ತಿ ಆಡಿಸಿದ ಕೂಸು. ನನಗೆ ತಡೆಯಲಾಗಲಿಲ್ಲ. ಅಣ್ಣನಿಗೆ ಫೋನು ಹಚ್ಚಿದೆ.

"ಅಣ್ಣಾ, ನೇರ ಅವನ ಆಫೀಸಿಗೇ ಹೋಗೂಣು" ಎಂದೆ.

"ಏನಂತ ಹೋಗೂದು?"

"ಪಕ್ಷಗಾರರಾಗಿ."

ವಕೀಲರ ಬಳಿ ಕೇಸು ಒಯ್ಯುವವರಿಗೆ ನಮ್ಮ ಕಡೆ ಪಕ್ಷಗಾರರು ಅನ್ನುತ್ತೇವೆ. ಒಂದು ಕೇಸು ಮುಂದಿಟ್ಟರೆ ಹುಡುಗನ ಬುದ್ಧಿ, ಸಿಟ್ಟು, ಆಸೆ ಎಲ್ಲ ಒಂದೇ ಭೇಟಿಯಲ್ಲಿ ತಿಳಿಯುತ್ತದೆ ಅಂತ ನನ್ನ ಲೆಕ್ಕ. ಆದರೆ ಕೇಸು ಎಲ್ಲಿಂದ ತರುವುದು? ಅಣ್ಣನಿಗೆ ಊರಲ್ಲಿ ಯಾರ ಜೊತೆಯೂ ಜಗಳವಿಲ್ಲ. ಇರುವವಳು ಒಬ್ಬಳೇ ತಂಗಿ, ನಾನು.

"ಹಂಗಾರ ನೀನ ಜಗಳಾ ಮಾಡು. ಅಪ್ಪನ ಆಸ್ತಿಯೊಳಗ ಪಾಲು ಕೇಳಾಕತ್ತೀ ಅಂತ ಹೇಳೂಣು. ಸುಳ್ಳ ಸುಳ್ಳ" ಎಂದ ಅಣ್ಣ. ನಕ್ಕೆವು. ಇಬ್ಬರೂ ನಕ್ಕೆವು, ನೆನಪಿಟ್ಟುಕೊಳ್ಳಿ.

ನಾನು ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಸಿಂದಗಿ ಮುಟ್ಟಿದೆ. ಅಣ್ಣ ಇಂಡಿಯಿಂದ ಬಂದ. ಅತ್ತಿಗೆ ಇಬ್ಬರಿಗೂ ಸೇರಿಸಿ ಒಂದೇ ಗಂಟಿನಲ್ಲಿ ಬುತ್ತಿ ಕಟ್ಟಿ ಕಳಿಸಿದ್ದರು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ.

ಸಣ್ಣ ಆಫೀಸು. ಸೀನಿಯರ್ ವಕೀಲರು ಕೋರ್ಟಿಗೆ ಹೋಗಿದ್ದರು. ಹೊರಗಿನ ಬೆಂಚಿನ ತುಂಬ ಪಕ್ಷಗಾರರು. ಹುಡುಗ ಎದ್ದು ನಿಂತು ನಮ್ಮನ್ನು ಕೂರಿಸಿದ, ಹೆಸರು, ಊರು ಕೇಳಿದ. ಅಣ್ಣ ಧೈರ್ಯವಾಗಿ ಖರೇ ಹೆಸರನ್ನೇ ಹೇಳಿಬಿಟ್ಟ! (ವೇಷ ಹಾಕುವುದಕ್ಕೂ ತಾಲೀಮು ಬೇಕು.) ಹುಡುಗ ಒಂದು ಗಳಿಗೆ ಪೆನ್ನು ನಿಲ್ಲಿಸಿ ಮತ್ತೆ ಬರೆದುಕೊಂಡ. ಹಲ್ಲು ಬೆಳ್ಳಗಿದ್ದವು. ಗುಟ್ಕಾ ಇಲ್ಲ ಅಂತ ನಾನು ಮನಸ್ಸಿನಲ್ಲೇ ಮಾರ್ಕು ಹಾಕಿದೆ.

"ನಿಮ್ಮಿಬ್ರೊಳಗ ನನ್ನ ಪಕ್ಷಗಾರ ಯಾರ್ರಿ?"

"ಇಬ್ರೂ" ಅಂದ ಅಣ್ಣ.

"ಜಗಳ ಯಾರ ಜೋಡಿರಿ?"

"ನಮ್ಮಿಬ್ರದ."

ಹುಡುಗ ನಮ್ಮನ್ನೇ ನೋಡಿದ. ವಾದಿ ಪ್ರತಿವಾದಿ ಇಬ್ಬರೂ ಒಬ್ಬನೇ ವಕೀಲನ ಹತ್ತಿರ ಬರಬಾರದು ಅಂತ ನಮಗೇನು ಗೊತ್ತು? ಒಂದೇ ಮನೆಯ ಜಗಳಕ್ಕೆ ಇಬ್ಬಿಬ್ಬರು ವಕೀಲರು ಯಾಕೆ ದಂಡ ಅಂತ ಅಣ್ಣ ತಿಳಿದಿದ್ದ. ಮದುವೆಯಲ್ಲಿ ಎರಡೂ ಕಡೆಯ ಬೀಗರಿಗೆ ಒಬ್ಬನೇ ಅಡುಗೆಯವನು ಬಡಿಸುವುದಿಲ್ಲವೇ?

ಅಪ್ಪನ ಆಸ್ತಿ, ಪಾಲು ಅಂತ ಅಣ್ಣ ಒಪ್ಪಿಸಿದ್ದನ್ನೆಲ್ಲ ಬರೆದುಕೊಂಡು ಹುಡುಗ ಕೇಳಿದ: "ತಂದಿಯವರು ತೀರ್ಕೊಂಡಾರ ಅಂದ್ರಿ. ಅವರ ಎಲ್.ಆರ್. ಯಾರ್ಯಾರ್ರಿ?"

ಅಣ್ಣ ಎದೆಯುಬ್ಬಿಸಿದ. "ಎಲ್.ಆರ್. ಎಲ್ಲಾ ನನ್ನ ಹಂತೇಕ ಅದಾವ್ರಿ. ಒಂದೂ ಕಳಕೊಂಡಿಲ್ಲ."

"ತಂಗಿಯವರು?"

"ಅಕಿ ಹೆಸರಿಲೆ ಒಂದೂ ಬಂದಿಲ್ರಿ. ಮಾಲೆಲ್ಲಾ ನನ್ನ ಹೆಸರಿಲೇ ಬರತೈತಿ."

ಅಂಗಡಿಯವರಿಗೆ ಎಲ್.ಆರ್. ಅಂದರೆ ಲಾರಿ ರಸೀದಿ. ಸೊಲ್ಲಾಪುರದಲ್ಲಿ ಮಾಲು ಲಾರಿಗೆ ಹಾಕಿದಾಗ ಟ್ರಾನ್ಸ್‌ಪೋರ್ಟಿನವರು ಕೊಡುವ ಚೀಟಿ. ಅದನ್ನು ತೋರಿಸದಿದ್ದರೆ ಇಲ್ಲಿ ಮಾಲು ಬಿಡುವುದಿಲ್ಲ. ಅಣ್ಣ ಜೀವಮಾನವಿಡೀ ಜೋಪಾನ ಮಾಡಿದ ಚೀಟಿಗಳವು.

ಹುಡುಗ ನಗಲಿಲ್ಲ. (ಇನ್ನೊಂದು ಮಾರ್ಕು.) ಮೆಲುದನಿಯಲ್ಲಿ ಹೇಳಿದ: "ಯಜಮಾನ್ರ, ಕೋರ್ಟಿನ್ಯಾಗ ಎಲ್.ಆರ್. ಅಂದ್ರ ಲೀಗಲ್ ರೆಪ್ರೆಸೆಂಟೇಟಿವ್, ವಾರಸದಾರ್ರು. ಸತ್ತವರ ಜಾಗಾದಾಗ ನಿಂದರೋರು. ನಿಮ್ಮ ತಂದಿಯವರಿಗೆ ನೀವೂ ಎಲ್.ಆರ್., ಈ ಅಕ್ಕಾವರೂ ಎಲ್.ಆರ್. ಇದ ಅಕ್ಷರಾ ತಹಶೀಲ್ದಾರ್ ಆಫೀಸಿಗೆ ಹೋದ್ರ ಲ್ಯಾಂಡ್ ರಿಫಾರ್ಮ್ಸ್, ಭೂಸುಧಾರಣಾ ಆಗತೈತಿ. ಇಂಥಾ ಅಕ್ಷರಾ ಕಿವಿಗಿ ಬಿದ್ರ, ಯಾವ ಖೋಲಿಯಾಗ ನಿಂತು ಅಂದಾರ ಅನ್ನೂದನ್ನ ಮೊದಲ ನೋಡ್ಬೇಕ್ರಿ."

ಇದೇ ಸಮಯ ಅಂತ ನಾನು ಸಿ.ಸಿ. ಅಂದರೇನು ಅಂತ ಕೇಳಿದೆ, ಪಾಠ ಕೇಳುವ ಹುಡುಗಿಯ ಮುಖ ಮಾಡಿ.

"ಕ್ರಿಮಿನಲ್ ಕಡೆ ಕೇಸಿನ ನಂಬರ್ ಮುಂದ ಸಿ.ಸಿ. ಅಂತ ಬರೀತಾರ. ನಕಲು ಕೊಡೋ ಖೋಲಿಯಾಗ ಸಿ.ಸಿ. ಅಂದ್ರ ಸರ್ಟಿಫೈಡ್ ಕಾಪಿ. ನಮ್ಮ ಸೀನಿಯರ್ ಎರಡೂ ನನ್ನ ತಲಿಗಿ ಕಟ್ಯಾರ್ರಿ. ನನ್ನ ಕಡೆ ಬರೇ ಸಿ.ಸಿ.ಗಳ ಸಂತಿ!"

ಅಂದರೆ ಮಂದಿಯ ಕೇಸು, ಮಂದಿಯ ನಕಲು. ಸಾಲವೂ ಇಲ್ಲ, ಗುನ್ಹೆಯೂ ಇಲ್ಲ. ನನ್ನ ಎದೆ ಹಗುರಾಯಿತು. ಅಣ್ಣನನ್ನು ಮೆಲ್ಲಗೆ ತಿವಿದೆ. ಆದರೆ ಅಣ್ಣನಿಗೆ ಇನ್ನೊಂದು ಪರೀಕ್ಷೆ ಬಾಕಿಯಿತ್ತು.

"ವಕೀಲ ಸಾಹೇಬ್ರ, ಇಕಿಗಿ ಏನೂ ಸಿಗದಂಗ ಮಾಡ್ರಿ. ಖರ್ಚಿಗಿ ನಾ ಹಿಂದಮುಂದ ನೋಡಂಗಿಲ್ಲ." ಅಣ್ಣನ ಗಂಟಲು ದೊಡ್ಡದು, ಎಂಜಿನ್ನುಗಳ ಸದ್ದಿನ ನಡುವೆ ಮಾತಾಡಿ ರೂಢಿ. "ಹೊಲಾ, ತೋಟಾ, ಎಲ್.ಆರ್., ಎಲ್ಲಾ ನನಗ ಬೇಕು! ತಂಗಿಗಿ ಪಾಲು ಇಲ್ಲ!"

"ಆಗಂಗಿಲ್ರಿ" ಎಂದ ಹುಡುಗ. "ಅಕ್ಕಾವರಿಗೂ ಹಕ್ಕೈತಿ. ಕೋರ್ಟ್ ಬ್ಯಾಡ, ಮನ್ಯಾಗ ಮುಗಿಸ್ಕೊಳ್ರಿ. ಇಲ್ಲ, ಹಾಕೇ ಹಾಕ್ತೇವಿ ಅಂದ್ರ ನಾ ಅಕ್ಕಾವರ ವಕೀಲ ಆಗ್ತೇನಿ. ನೀವು ಬ್ಯಾರೆಯವರನ್ನ ನೋಡ್ಕೊಳ್ರಿ." ಆಮೇಲೆ ಅಣ್ಣನ ತೊಡೆಯ ಮೇಲಿದ್ದ ಗಂಟು ನೋಡಿ, "ಒಂದ ಬುತ್ತಿ ಕಟ್ಕೊಂಡು ಬಂದು ಎಂಥಾ ಜಗಳಾ ಆಡ್ತೀರ್ರಿ?" ಎಂದ.

ನಾನು ಪೂರ್ತಿ ಮಾರ್ಕು ಕೊಟ್ಟುಬಿಟ್ಟೆ. ಅಣ್ಣ? ಬಸ್ ಸ್ಟ್ಯಾಂಡಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತ, "ಈ ಹುಡುಗ ಬ್ಯಾಡ" ಎಂದ.

"ಯಾಕೋ? ಸಾಲ ಇಲ್ಲ, ಗುನ್ಹೆ ಇಲ್ಲ, ಗುಟ್ಕಾ ಇಲ್ಲ. ಮತ್ತೇನ ಬೇಕು?"

"ಅದೆಲ್ಲಾ ಖರೆ. ಇವತ್ತ ತಂಗಿಗೂ ಹಕ್ಕೈತಿ ಅಂದಾಂವ, ನಾಳೆ ಹೆಂಡ್ತಿಗೂ ಹಕ್ಕೈತಿ ಅನ್ನಂಗಿಲ್ಲೇನು?"

ಶೈಲಾಗೊಬ್ಬ ತಮ್ಮನಿದ್ದಾನೆ. ಆಸ್ತಿಯೆಲ್ಲ ಅವನಿಗೆ ಅಂತ ಅಣ್ಣ ಯಾವತ್ತೋ ತೀರ್ಮಾನಿಸಿದ್ದ. ಅವನಿಗೆ ಪ್ರಾಮಾಣಿಕ ಅಳಿಯ ಬೇಕು, ಆದರೆ ಆ ಪ್ರಾಮಾಣಿಕತೆ ಚಪ್ಪಲಿಯ ಜೊತೆ ಹೊಸ್ತಿಲಾಚೆಗೇ ಇರಬೇಕು. (ನಗಬೇಡಿ. ನಿಮ್ಮ ಮನೆಯಲ್ಲಿ ಬೇರೆ ಥರ ಇದೆಯೇ?) ನಾನು ಕೈಯಲ್ಲಿದ್ದ ರೊಟ್ಟಿಯನ್ನು ಮತ್ತೆ ಗಂಟಿಗೆ ಹಾಕಿದೆ. ನಗುನಗುತ್ತ ಸುರು ಮಾಡಿದ ಸುಳ್ಳು ಜಗಳದಲ್ಲಿ ಅಣ್ಣ ನಿಜವಾಗಿಯೇ ಎದುರು ಪಕ್ಷಕ್ಕೆ ಹೋಗಿ ಕೂತಿದ್ದ. ಬೇಜಾರಾಯಿತು. ಏನೂ ಅನ್ನದೆ ನನ್ನ ಬಸ್ಸು ಹತ್ತಿದೆ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದವರಲ್ಲಿ ಒಬ್ಬರನ್ನು ನಾವು ಗಮನಿಸಿರಲಿಲ್ಲ. ತಾಂಬಾದ ಮಲ್ಲಪ್ಪ ಕಾಕಾ, ನಮ್ಮಪ್ಪನ ಸ್ವಂತ ತಮ್ಮ. ತಮ್ಮದೇನೋ ಕೆಲಸಕ್ಕೆ ಬಂದವರು ಮುಖದ ಮೇಲೆ ಟವೆಲ್ ಹಾಕಿಕೊಂಡು ಒರಗಿದ್ದರು. ಮುಖ ಮುಚ್ಚಿತ್ತು, ಕಿವಿ ತೆರೆದಿತ್ತು. ಹುಡುಗನ ಮೆಲುದನಿ ಹೊರಗೆ ಬರಲಿಲ್ಲ. ಅಣ್ಣನ ಗಂಟಲು ಬಂತು: ಹೊಲ, ತೋಟ, ತಂಗಿ, ಎಲ್.ಆರ್.!

ಕಾಕಾಗೆ ಎಲ್.ಆರ್. ಅಂದರೆ ಲಾರಿಯೂ ಅಲ್ಲ, ವಾರಸದಾರರೂ ಅಲ್ಲ. ಎಪ್ಪತ್ತರ ದಶಕದಲ್ಲಿ ಭೂಸುಧಾರಣೆ ಕಾಯಿದೆ ಬಂದಾಗ ಅವರದೊಂದು ಕರಿಮಣ್ಣಿನ ಹೊಲ ಟ್ರಿಬ್ಯುನಲ್ಲಿನಲ್ಲಿ ಉಳುವವನ ಹೆಸರಿಗೆ ಹೋಯಿತು. ಅಂದಿನಿಂದ ಆ ಎರಡಕ್ಷರ ಕೇಳಿದರೆ ಅವರಿಗೆ ರಕ್ತ ಏರುತ್ತದೆ. (ಹೊಲ ಸಿಕ್ಕ ಮನೆಯವರು ಅದೇ ಎರಡಕ್ಷರವನ್ನು ದೇವರ ಹೆಸರಿನ ಹಾಗೆ ನೆನೆಯುತ್ತಾರೆ. ಅವರು ಕಾಕಾನ ಓಣಿಯಲ್ಲೇ ಇದ್ದಾರೆ.) ನಾವು ಹೊರಟ ಮೇಲೆ ಕಾಕಾ ಒಳಗೆ ಹೋಗಿ ವಿಚಾರಿಸಿದರಂತೆ. ಹುಡುಗ ಮಂದಿಯ ವಿಷಯ ಬಾಯಿಬಿಡಲಿಲ್ಲ. "ಕೇಸ್ ಬ್ಯಾಡ ಅಂತ ಹೇಳಿ ಕಳಿಸೇನ್ರಿ. ಹಿರ್ಯಾರಿದ್ರ ಮನ್ಯಾಗ ಕೂಡಿಸಿ ಮುಗಿಸ್ರಿ" ಎಂದಷ್ಟೇ ಅಂದ.

ಕಾಕಾಗೆ ಅಷ್ಟು ಸಾಕಾಯಿತು. ತಾಂಬಾದ ಇಬ್ಬರು ಹಿರಿಯರನ್ನು ಕೂಡಿಸಿಕೊಂಡು ಭಾನುವಾರ ಬೆಳಿಗ್ಗೆ ಇಂಡಿಗೆ ಬಂದಿಳಿದರು. ಅಣ್ಣ ಫೋನು ಮಾಡಿದ್ದು ಆಗಲೇ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. "ಗುರುಪಾದ, ಎಲ್.ಆರ್. ಕೇಸಿನ್ಯಾಗ ಹೊಲಾ ನಿನಗೂ ಉಳಿಯಂಗಿಲ್ಲ, ಅಕಿಗೂ ಉಳಿಯಂಗಿಲ್ಲ. ನಂದು ಹೋಗಿದ್ದು ನೋಡೀಯಿಲ್ಲೋ? ಇವತ್ತ ಇಲ್ಲೇ ಬಗೆಹರೀಬೇಕು" ಅಂತ ಕಾಕಾ ಕೂತಿದ್ದರು.

ನಿಜ ಹೇಳಿಬಿಡಬಹುದಿತ್ತಲ್ಲ ಅನ್ನುತ್ತೀರಾ? ಹೆಂಗೆ ಹೇಳುವುದು? ಕಾಕಾನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಇಂಗಳೇಶ್ವರ ಮುಟ್ಟುತ್ತದೆ. ಹೆಣ್ಣಿನ ಅಪ್ಪ ಪಕ್ಷಗಾರನ ವೇಷ ಹಾಕಿಕೊಂಡು ಹೋಗಿದ್ದ ಅಂತ ಗೊತ್ತಾದರೆ ಈ ಸಂಬಂಧವಷ್ಟೇ ಅಲ್ಲ, ಮುಂದೆ ಯಾವ ಸಂಬಂಧವೂ ಬರಲಿಕ್ಕಿಲ್ಲ. ಶೈಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕಡೆ ಕೈ ಜೋಡಿಸಿದಳು. ಜಗಳ ಆಡದೆ ಗತಿ ಇರಲಿಲ್ಲ.

ಅಣ್ಣ ನಾಟಕಕ್ಕೆ ನಾಲಾಯಕ್ಕು. "ಕೊಡಂಗಿಲ್ಲ" ಎಂದ, ಅಂಗಡಿಯಲ್ಲಿ ಮಾಲು ಇಲ್ಲ ಅನ್ನುವ ದನಿಯಲ್ಲಿ.

ನಾನು ಸೆರಗು ಸೊಂಟಕ್ಕೆ ಸಿಗಿಸಿದೆ. "ಅಪ್ಪ ಸಾಲೋಟಗಿ ದಾರ್ಯಾಗ ಲಿಂಬಿ ಹಚ್ಚಿದಾಗ ಬಾವಿಯಿಂದ ಕೊಡಾ ಹೊತ್ತು ನೀರ ಹಾಕಿದಾಕಿ ನಾನು. ನೀ ಸೈಕಲ್ ಕಲೀತಿದ್ದಿ. ಆ ತೋಟದಾಗ ನನ್ನದು ಅನ್ನಾಕ ಒಂದ ಗಿಡಾನೂ ಇಲ್ಲೇನೋ ಅಣ್ಣಾ?"

ಕೊನೆಯ ಮಾತಿಗೆ ದನಿ ಒಡೆಯಿತು. ಅದು ನಾಟಕದಲ್ಲಿ ಇರಲಿಲ್ಲ. ಇಷ್ಟು ವರ್ಷ ಈ ಮಾತು ನನ್ನೊಳಗೆ ಇತ್ತು ಅಂತ ನನಗೇ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂದವು, ನಾಚಿಕೆಯೂ ಆಯಿತು. ಅಣ್ಣ ನನ್ನ ಮುಖ ನೋಡಿದ. ಆಮೇಲೆ ಜಮಖಾನೆ ನೋಡುತ್ತ ಕೂತ.

ಟ್ರಿಬ್ಯುನಲ್ಲಿನ ಹೆದರಿಕೆಗೆ ಹಿರಿಯರು ತಡ ಮಾಡಲಿಲ್ಲ. "ಬಾವಿ ಕಡಿ ಲಿಂಬಿ ಸಾಲು ಗಿರಿಜವ್ವಗ. ಕೇಸ್ ಬಂದ್" ಎಂದರು ಕಾಕಾ. ಅಣ್ಣ ನನ್ನ ಕಿವಿಗೆ ಬಾಗಿ, "ಏ, ಇದು ಸುಳ್ಳ ಸುಳ್ಳ ಹೌದಲ್ಲ?" ಎಂದ.

"ಹಿರ್ಯಾರನ್ನ ಕೇಳು" ಅಂದೆ.

ಚಹಾ ಬಂತು. ಕಾಕಾ ಬಸಿಯಲ್ಲಿ ಸುರುವಿಕೊಂಡು ಊದುತ್ತ ಹೇಳಿದರು: "ಇಷ್ಟ ವರ್ಷ ಕೋರ್ಟಿನ ಕಟ್ಟಿ ಸವಿಸೇನಿ. ಕೇಸ್ ಬ್ಯಾಡ ಅನ್ನೋ ವಕೀಲನ್ನ ಮೊನ್ನೆ ಸಿಂದಗ್ಯಾಗ ನೋಡ್ದೆ. ಸಣ್ಣ ಹುಡುಗ, ಮಹಾಂತೇಶ ಅಂತ. ಇಂಥಾಂವಗ ಹೆಣ್ಣ ಕೊಡೋರು ಪುಣ್ಯಾ ಮಾಡಿರಬೇಕು. ಲಗ್ನಾ ಆಗೇತೋ ಇಲ್ಲೋ ಒಂದೀಟ ವಿಚಾರಿಸಿ ನೋಡೋ ಗುರುಪಾದ, ನಮ್ಮ ಶೈಲಾಗ ಛಲೋ ಆಗತೈತಿ."

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಯಾರನ್ನು ವಿಚಾರಿಸಲು ಅಣ್ಣ ಅಷ್ಟು ಕಷ್ಟಪಟ್ಟಿದ್ದನೋ ಆ ಹುಡುಗನ ಬಗ್ಗೆ ಕೇಳದೆಯೇ ಉತ್ತರ ಬಂದು ಅವನ ಮನೆಯಲ್ಲೇ ಚಹಾ ಕುಡಿಯುತ್ತಿತ್ತು. ಹಿರಿಯರೆಲ್ಲ ಹೌದೌದು ಅಂದ ಮೇಲೆ ಬೇಡ ಅನ್ನಲು ಕಾರಣ ಹೇಳಬೇಕಲ್ಲ? ಏನಂತ ಹೇಳುತ್ತಾನೆ, ಹುಡುಗ ನ್ಯಾಯವಂತ, ಅದಕ್ಕೇ ಬೇಡ ಅಂತಲೇ?

ಮುಂದೆ ಹೆಣ್ಣು ನೋಡಲು ಹುಡುಗ ಅಪ್ಪ ಅವ್ವನ ಜೊತೆ ಬಂದ. ನಮ್ಮಿಬ್ಬರನ್ನು ನೋಡಿ ನಮಸ್ಕಾರ ಮಾಡಿದ. ಗುಟ್ಟು ಒಡೆಯುತ್ತಾನೇನೋ ಅಂತ ಅಣ್ಣ ನನ್ನ ಮಗ್ಗುಲಿಗೆ ಸರಿದ. "ಜಗಳಾ ಮುಗೀತೇನ್ರಿ ಯಜಮಾನ್ರ?" ಎಂದ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

ಅಣ್ಣ ಬಾಯಿ ತೆರೆಯುವ ಮೊದಲೇ ಕಾಕಾ, "ಮುಗಿಸೇವಿ! ಗಿರಿಜವ್ವಗ ಲಿಂಬಿ ಸಾಲು ಕೊಟ್ಟೇವಿ" ಎಂದರು, ಬೀಗರಾಗುವವರ ಎದುರಿಗೇ.

"ಛಲೋ ಆತ್ರಿ. ಬರೇ ಬಾಯಿಮಾತಿನ್ಯಾಗ ಬಿಡಬ್ಯಾಡ್ರಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ನೋಂದಣಿ ಮಾಡಸ್ರಿ" ಎಂದ ಹುಡುಗ.

ಫಲಹಾರವಾದ ಮೇಲೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಅವನನ್ನು ಹಿಡಿದು ಕೇಳಿದೆ, "ನಾವು ಯಾರಂತ ಅವತ್ತ ಗೊತ್ತಿತ್ತೇನಪಾ?"

"ಹೆಸರ ಹೇಳಿದಕೂಡ್ಲೆ ಗೊತ್ತಾತ್ರಿ. ಅದಕ್ಕೂ ಮೊದಲ ನಮ್ಮ ಅವ್ವ ಅಣ್ಣಾವರ ಅಂಗಡಿಗಿ ಬಂದು, ನಿಮ್ಮನ್ನೆಲ್ಲಾ ವಿಚಾರಿಸಿ ಬ್ರೇಕ್ ವಾಯರ್ ತಗೊಂಡು ಹೋಗ್ಯಾಳ. ನಮ್ಮ ಮನ್ಯಾಗ ಗಾಡೀನ ಇಲ್ರಿ."

"ಗೊತ್ತಿದ್ದೂ ನಮ್ಮ ಅಣ್ಣಗ ಹಂಗ ಅಂದಿ? ಸಂಬಂಧ ತಪ್ಪಿದ್ರ?"

"ತಪ್ಪೂದಿದ್ರ ಲಗ್ನದ ಮೊದಲ ತಪ್ಲಿ ಅಂತ ಅಂದೇನ್ರಿ" ಎಂದ. ಟವೆಲ್ ಕೊಟ್ಟೆ. ಶೈಲಾ ಗೆದ್ದಳು ಅನ್ನಿಸಿತು.

ಮದುವೆ ಆಯಿತು. ಅದರ ಹಿಂದೆಯೇ ಬಾವಿ ಕಡೆಯ ಸಾಲು ನನ್ನ ಹೆಸರಿಗೆ ನೋಂದಣಿಯೂ ಆಯಿತು. ಅಣ್ಣ ಆಫೀಸಿನ ಮೆಟ್ಟಿಲು ಇಳಿಯುವವರೆಗೂ "ಸುಳ್ಳ ಸುಳ್ಳ ಅಂದಿದ್ದೆವು" ಅಂತ ಗೊಣಗಿದ. ಈ ವಾರ ಮೊದಲ ಫಸಲು ಬಂದಿದೆ. ಅಣ್ಣನೇ ಚೀಲ ಹೊಲಿದು, ನನ್ನ ಹೆಸರಿಗೆ ಎಲ್.ಆರ್. ಬರೆಸಿ ಲಾರಿಗೆ ಹಾಕಿಸಿದ್ದಾನೆ. ದೊಡ್ಡ ಕಾಯಿಗಳನ್ನೇ ಆರಿಸಿ ತುಂಬಿದ್ದಾನೆ, ಅದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಮೊನ್ನೆ ಶೈಲಾ ಬಂದಿದ್ದಳು. ಅದೇ ಲಿಂಬೆಯ ಶರಬತ್ತು ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, "ಅತ್ತಿ, ನೀವು ಖರೇನ ಪಾಲು ಕೇಳಿದ್ರ ಅಪ್ಪ ಕೊಡ್ತಿದ್ನೇನ್ರಿ?" ಎಂದಳು.

ನಾನು ಸಕ್ಕರೆ ಡಬ್ಬಿಯ ಮುಚ್ಚಳ ಹುಡುಕತೊಡಗಿದೆ.

ಅವಳು ಗ್ಲಾಸು ಕೆಳಗಿಟ್ಟು ಕೇಳಿದಳು: "ಹಂಗಾರ ನನ್ನ ತಮ್ಮನ ಜೋಡಿ ನಾನೂ ಒಂದು ಸುಳ್ಳ ಜಗಳಾ ಈಗಿಂದನ ಸುರು ಮಾಡ್ಲೇನ್ರಿ?"